ಮೂಳೆ ಸಾರಿಗಾಗಿ ಹುಟ್ಟಿದ ಯಂತ್ರ

1682ರ ಏಪ್ರಿಲ್ 12ರಂದು ಲಂಡನ್ನಿನ ರಾಯಲ್ ಸೊಸೈಟಿಯ ಕೆಲವು ಸದಸ್ಯರು ಒಂದು ವಿಚಿತ್ರ ಊಟಕ್ಕೆ ಕೂತರು. ಬಡಿಸಿದ ಮೀನು, ಮಾಂಸ, ಪಾರಿವಾಳ ಎಲ್ಲವೂ ಒಂದೇ ಬಗೆಯ ಯಂತ್ರದಲ್ಲಿ ಬೆಂದು ಬಂದಿದ್ದವು. ಮೀನನ್ನು ಮುಳ್ಳಿನ ಸಮೇತ ತಿಂದರು. ದನದ ಗಟ್ಟಿ ಮೂಳೆಗಳು ಚೀಸ್‌ನಷ್ಟು ಮೆತ್ತಗಾಗಿದ್ದವು. ಕೊನೆಗೆ ಬಂದದ್ದು ಮೂಳೆಯಿಂದಲೇ ತೆಗೆದ ತಿಳಿಯಾದ ಜೆಲ್ಲಿ. ಇಷ್ಟಕ್ಕೆಲ್ಲ ಉರಿದ ಕಲ್ಲಿದ್ದಲು ಕಾಲು ಕೆಜಿಗೂ ಕಡಿಮೆ. ಆ ಪಂಕ್ತಿಯಲ್ಲಿದ್ದ ಜಾನ್ ಈವ್ಲಿನ್ ಇದನ್ನೆಲ್ಲ ತನ್ನ ದಿನಚರಿಯಲ್ಲಿ ಬಾಯಿ ಚಪ್ಪರಿಸುತ್ತಲೇ ಬರೆದಿಟ್ಟಿದ್ದಾನೆ.

ಅಡುಗೆಯವನು ಡೆನಿಸ್ ಪಪಿನ್ ಎಂಬ ಫ್ರೆಂಚ್ ವಿಜ್ಞಾನಿ. ಪ್ಯಾರಿಸ್ಸಿನಲ್ಲಿ ಹೈಗೆನ್ಸ್ ಜೊತೆಗೂ ಲಂಡನ್ನಿನಲ್ಲಿ ರಾಬರ್ಟ್ ಬಾಯ್ಲ್ ಜೊತೆಗೂ ದುಡಿದವನು. 1679ರಲ್ಲಿ ಆತ ತೋರಿಸಿದ ಈ ಪಾತ್ರೆಗೆ 'ಡೈಜೆಸ್ಟರ್' ಎಂದು ಹೆಸರಿಟ್ಟ. ದಪ್ಪ ಲೋಹದ ಪಾತ್ರೆ, ಸ್ಕ್ರೂ ತಿರುಗಿಸಿ ಬಿಗಿಯುವ ಮುಚ್ಚಳ. ಜನ ಎಸೆಯುವ ಮೂಳೆಯಿಂದ ಬಡವರ ಹೊಟ್ಟೆಗೆ ಏನಾದರೂ ಸಿಗಲಿ ಎಂಬುದು ಅವನ ಆಸೆ. ನಮ್ಮ ಅಡುಗೆಮನೆಯಲ್ಲಿ ದಿನಾ ಕೂಗುವ ಪ್ರೆಷರ್ ಕುಕ್ಕರ್ ಈ ಡೈಜೆಸ್ಟರಿನ ನೇರ ವಂಶದ್ದು. ಅಂದರೆ ಅದು ಹುಟ್ಟಿದ್ದು ಅನ್ನಕ್ಕಲ್ಲ, ಬೇಳೆಗೂ ಅಲ್ಲ, ಮೂಳೆ ಸಾರಿಗೆ.

ತೆರೆದ ಪಾತ್ರೆಯಲ್ಲಿ ನೀರು ಒಮ್ಮೆ ಕುದಿಯತೊಡಗಿದ ಮೇಲೆ ಎಷ್ಟೇ ಉರಿ ಕೊಟ್ಟರೂ ಅದರ ಬಿಸಿ ಏರುವುದಿಲ್ಲ. ಮಂಗಳೂರಿನಲ್ಲಿ 100 ಡಿಗ್ರಿ ಸೆಲ್ಸಿಯಸ್, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಸುಮಾರು, 3500 ಮೀಟರ್ ಎತ್ತರದ ಲೇಹ್‌ನಲ್ಲಿ 88ರ ಆಸುಪಾಸು. ಹೆಚ್ಚಿನ ಉರಿಯೆಲ್ಲ ನೀರನ್ನು ಹಬೆ ಮಾಡುವುದಕ್ಕೇ ಹೋಗುತ್ತದೆ. ಮುಚ್ಚಳ ಬಿಗಿದು ಆ ಹಬೆಯನ್ನು ಕೂಡಿಹಾಕಿದರೆ ಒಳಗಿನ ಒತ್ತಡ ಏರುತ್ತದೆ, ಒತ್ತಡದ ಜೊತೆಗೆ ಕುದಿಯುವ ಬಿಂದುವೂ ಏರುತ್ತದೆ. ನಮ್ಮ ಕುಕ್ಕರುಗಳಲ್ಲಿ ಹೊರಗಿನ ಗಾಳಿಗಿಂತ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿಯಷ್ಟು ಹೆಚ್ಚು ಒತ್ತಡವಿರುತ್ತದೆ. ಆಗ ಒಳಗಿನ ನೀರು 120 ಡಿಗ್ರಿ ಮುಟ್ಟುತ್ತದೆ. ಇಪ್ಪತ್ತು ಡಿಗ್ರಿ ಏನು ಮಹಾ ಎನ್ನಬೇಡಿ. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಇಪ್ಪತ್ತಕ್ಕೆ ನಾಲ್ಕು ಪಟ್ಟು.

ಈ ಒಂದು ಕೆಜಿಯ ಒತ್ತಡವನ್ನು ಕಾಯುವುದು ಮುಚ್ಚಳದ ಮೇಲಿನ ಪುಟ್ಟ ವೆಯ್ಟ್. ಹಬೆ ಹೋಗುವ ತೂತು 3 ಮಿಲಿಮೀಟರ್ ಅಗಲ ಇದೆ ಅನ್ನಿ. ಅದರ ವಿಸ್ತೀರ್ಣ ಒಂದು ಚದರ ಸೆಂಟಿಮೀಟರಿನ ನೂರರಲ್ಲಿ ಏಳು ಪಾಲು. ಅದನ್ನು ಒತ್ತಿ ಹಿಡಿಯಲು 70 ಗ್ರಾಂ ತೂಕ ಸಾಕು. ಒತ್ತಡ ಅದನ್ನು ಮೀರಿದ ಕೂಡಲೇ ವೆಯ್ಟ್ ಎದ್ದು ಒಂದಿಷ್ಟು ಹಬೆ ಬಿಟ್ಟು ಮತ್ತೆ ಕೂರುತ್ತದೆ. ಅದೇ ಕೂಗು. ಆದರೆ ಅದೇ ಒತ್ತಡ ಇಡೀ ಮುಚ್ಚಳದ ಮೇಲೂ ಬೀಳುತ್ತಿರುತ್ತದಲ್ಲ? 20 ಸೆಂಟಿಮೀಟರ್ ಅಗಲದ ಮುಚ್ಚಳವನ್ನು ಹಬೆ ತಳ್ಳುವ ಬಲ 300 ಕೆಜಿ ದಾಟುತ್ತದೆ, ಐದು ಜನ ದೊಡ್ಡವರು ಒಟ್ಟಿಗೆ ಅದರ ಮೇಲೆ ನಿಂತಂತೆ. ಒಳಮುಚ್ಚಳದ ಕುಕ್ಕರಿನಲ್ಲಿ ಈ ಬಲವೇ ಮುಚ್ಚಳವನ್ನು ಗ್ಯಾಸ್ಕೆಟ್ಟಿಗೆ ಅವುಚಿ ಹಿಡಿಯುತ್ತದೆ, ಒತ್ತಡ ಇಳಿಯದೆ ಮುಚ್ಚಳ ಜಪ್ಪಯ್ಯ ಅಂದರೂ ಬಿಟ್ಟುಕೊಳ್ಳುವುದಿಲ್ಲ. ಹೊರಮುಚ್ಚಳದ್ದರಲ್ಲಿ ಅಂಚಿನ ಕೊಕ್ಕೆಗಳು ಆ ಭಾರ ಹೊರಬೇಕು. ನನ್ನ ಓಟು ಮೊದಲನೆಯದಕ್ಕೆ, ತೊಳೆಯುವುದು ಸ್ವಲ್ಪ ರಗಳೆಯಾದರೂ. ತೂಕದಿಂದ ಒತ್ತಡ ಕಾಯುವ ಈ ಉಪಾಯವೂ ಪಪಿನ್‌ನದೇ. ಅವನು ಸನ್ನೆಕೋಲಿನ ತುದಿಗೆ ಭಾರ ನೇತುಹಾಕಿದ್ದ.

ಈಗ ಮೂಳೆಯ ಮಾತು. ಕುರಿ, ಮೇಕೆಯ ಕಾಲಿನಲ್ಲಿ ಮಾಂಸ ಎಷ್ಟಿದ್ದೀತು? ಇರುವುದೆಲ್ಲ ಚರ್ಮ, ನರ, ಕೀಲು. ಇವುಗಳ ಗಟ್ಟಿತನಕ್ಕೆ ಕಾರಣ ಕೊಲಾಜೆನ್ ಎಂಬ ಪ್ರೋಟೀನು. ಮೂರು ಎಳೆಗಳು ಬಿಗಿಯಾಗಿ ಹೆಣೆದುಕೊಂಡ ನಾರು ಅದು. ನೀರಿನಲ್ಲಿ ಬಹಳ ಹೊತ್ತು ಬೆಂದರೆ ಹೆಣಿಗೆ ಬಿಚ್ಚಿ, ಎಳೆಗಳು ಕರಗಿ ಜೆಲಾಟಿನ್ ಆಗುತ್ತವೆ. ಕಾಲು ಸೂಪು ಕುಡಿದಾಗ ತುಟಿಗೆ ತುಟಿ ಅಂಟುವುದು, ಉಳಿದ ಸೂಪು ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟುವುದು ಇದರಿಂದಲೇ. ಸೌದೆ ಒಲೆಯ ಮೇಲೆ ರಾತ್ರಿಯಿಡೀ ಕುದಿಯಬೇಕಿದ್ದದ್ದು ಕುಕ್ಕರಿನಲ್ಲಿ ಗಂಟೆಯೊಳಗೆ ಮುಗಿಯುತ್ತದೆ.

ಮೂಳೆ ಸೂಪಿನ ಬಗ್ಗೆ ಈಚೆಗೆ ಹಬ್ಬಿರುವ ಭಕ್ತಿ ಮಾತ್ರ ಅತಿಯಾಯಿತು. ಮೂಳೆಯ ಕ್ಯಾಲ್ಸಿಯಂ ಸೂಪಿಗೆ ಇಳಿಯುವುದು ಬಹಳ ಕಡಿಮೆ, ಒಂದು ಲೋಟ ಹಾಲು ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಜೆಲಾಟಿನ್ನಿನಲ್ಲಿ ದೇಹಕ್ಕೆ ಬೇಕೇ ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಂಶವೇ ಇಲ್ಲ. ಪ್ಯಾರಿಸ್ಸಿನಲ್ಲಿ ಬಡವರಿಗೂ ಆಸ್ಪತ್ರೆಯ ರೋಗಿಗಳಿಗೂ ಮೂಳೆಯ ಜೆಲಾಟಿನ್ ಸೂಪು ಹಂಚಿ ವಿವಾದ ಎದ್ದಾಗ ಮಜೆಂಡಿ ಎಂಬ ವಿಜ್ಞಾನಿಯ ನೇತೃತ್ವದ ಸಮಿತಿ ವರ್ಷಗಟ್ಟಲೆ ನಾಯಿಗಳ ಮೇಲೆ ಪರೀಕ್ಷಿಸಿ, ಬರೀ ಜೆಲಾಟಿನ್ನಿನಿಂದ ಪ್ರಾಣಿ ಬದುಕದು ಎಂದು 1841ರಲ್ಲಿ ವರದಿ ಕೊಟ್ಟಿತು. ಸೂಪಿನ ಜೊತೆಗೆ ಮುದ್ದೆಯೂ ಕಾಳೂ ಇರಲಿ.

ನಮ್ಮಲ್ಲಿ ಹಾಕಿನ್ಸ್, ಪ್ರೆಸ್ಟೀಜ್ ಕುಕ್ಕರುಗಳು 1950ರ ದಶಕದ ಕೊನೆಗೆ ಬಂದವು. ಬಂದದ್ದೇ ಅವು ಬೇಳೆಕಾಳಿನ ಯಂತ್ರಗಳಾಗಿಬಿಟ್ಟವು. ಕಾಳಿನ ಜೀವಕೋಶಗಳನ್ನು ಅಂಟಿಸಿಟ್ಟಿರುವುದು ಪೆಕ್ಟಿನ್. ಅದು ಕರಗಿದರೆ ತೊಗರಿಬೇಳೆ ಒಡೆದು ಸಾರಿನಲ್ಲಿ ಬೆರೆಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಬೋರ್‌ವೆಲ್ ನೀರಲ್ಲಿ ಬೇಳೆ ಬೇಯೋದಿಲ್ಲ ಎಂದು ಅಜ್ಜಿಯರು ಗೊಣಗುತ್ತಿದ್ದದ್ದು ಸುಳ್ಳಲ್ಲ. ಹುಳಿಯೂ ಪೆಕ್ಟಿನ್ ಕರಗದಂತೆ ತಡೆಯುತ್ತದೆ, ಹಾಗಾಗಿ ಹುಣಸೆಹಣ್ಣಿನ ಸರದಿ ಬೇಳೆ ಬೆಂದ ಮೇಲೆ. ಸಾರಿನ ಪುಡಿ, ಒಗ್ಗರಣೆಗಳೂ ಆಮೇಲೆಯೇ. ಇಲ್ಲದಿದ್ದರೆ ಕೂಗಿದಾಗಲೆಲ್ಲ ಅವುಗಳ ಘಮ ಕಿಟಕಿಯಿಂದ ಆಚೆ ಹೋಗುತ್ತದೆ.

ಹೀಗಿರುವಾಗ 'ಮೂರು ಕೂಗು ಕೂಗಿಸಿ' ಎಂಬ ಲೆಕ್ಕ ಎಲ್ಲಿಂದ ಬಂತೋ! ಕೂಗಿಗೂ ಬೇಯುವುದಕ್ಕೂ ನೇರ ಸಂಬಂಧವಿಲ್ಲ. ದೊಡ್ಡ ಉರಿಗೆ ಮೂರು ಕೂಗು ಮೂರು ನಿಮಿಷದಲ್ಲಿ ಮುಗಿದಾವು, ಸಣ್ಣ ಉರಿಗೆ ಹದಿನೈದು ನಿಮಿಷವಾದೀತು. ಎರಡರಲ್ಲೂ ಒಳಗಿನ ಬಿಸಿ ಮಾತ್ರ ಅದೇ 120. ಒಂದು ಗ್ರಾಂ ಕುದಿವ ನೀರು ಹಬೆಯಾಗಿ ಹೋದರೆ, ಅಷ್ಟೇ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸಲು ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು ಶಾಖ ಅದರೊಂದಿಗೆ ಹೋಗುತ್ತದೆ. ಪ್ರತಿ ಕೂಗೂ ಹೀಗೆ ಹೊರಗೆ ಬಿಟ್ಟ ಗ್ಯಾಸು. ಪಪಿನ್ ಕೂಗು ಎಣಿಸಲಿಲ್ಲ. ಮುಚ್ಚಳದ ಮೇಲೆ ಒಂದು ಹನಿ ನೀರು ಬಿಟ್ಟು, ಅದು ಆರಲು ಎಷ್ಟು ಸೆಕೆಂಡು ಬೇಕೆಂದು ಲೋಲಕ ಹಿಡಿದು ಎಣಿಸಿ ಒಳಗಿನ ಬಿಸಿಯನ್ನು ಅಂದಾಜು ಮಾಡುತ್ತಿದ್ದ. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣಗೆ ಮಾಡಿ ಗಡಿಯಾರ ನೋಡುವುದೇ ಸರಿಯಾದ ಕ್ರಮ.

ಒಲೆ ಆರಿಸಿದ ಮೇಲೆ ವೆಯ್ಟ್ ಎತ್ತಿ ಹಬೆ ಬಿಡುವ ಆತುರ ಸಾರಿನ ಮಟ್ಟಿಗೆ ಒಳ್ಳೆಯದಲ್ಲ. ಒತ್ತಡ ದಿಢೀರನೆ ಇಳಿದರೆ 120 ಡಿಗ್ರಿಯ ನೀರು ಒಮ್ಮೆಲೇ ಕೊತಕೊತ ಕುದ್ದು, ಸೂಪು ಕಲಕಿ ಬಗ್ಗಡವಾಗುತ್ತದೆ. ತಾನಾಗಿ ತಣಿಯಲು ಬಿಟ್ಟರೆ ತಿಳಿ ಉಳಿಯುತ್ತದೆ. ಹುರುಳಿ ಬೇಯಿಸುವಾಗ ಅರ್ಧ ಕುಕ್ಕರಿಗಿಂತ ಹೆಚ್ಚು ತುಂಬಬೇಡಿ. ಅದರ ನೊರೆ, ಸಿಪ್ಪೆ ಏರಿ ಬಂದು ಹಬೆಯ ತೂತಿಗೆ ಸಿಕ್ಕಿಕೊಂಡರೆ ವೆಯ್ಟ್ ಕೂಗುವುದಿಲ್ಲ, ಆಗ ಇರುವುದು ಸೇಫ್ಟಿ ವಾಲ್ವ್ ಒಂದೇ. ಅದರ ನಡುವಿನ ಲೋಹದ ಬಿಲ್ಲೆ ಅತಿ ಬಿಸಿಗೆ ಕರಗಿ ದಾರಿ ಬಿಡುತ್ತದೆ, ಆದ್ದರಿಂದ ಅಲ್ಲಿಗೆ ಅಗ್ಗದ ನಕಲಿ ಹಾಕಿಸಬೇಡಿ. ಮುಚ್ಚಳ ಹಾಕುವ ಮುನ್ನ ಒಮ್ಮೆ ಅದನ್ನು ಬೆಳಕಿಗೆ ಹಿಡಿದು ತೂತಿನಲ್ಲಿ ಇಣುಕಿ ನೋಡಿ. ಆಚೆಯ ಬೆಳಕು ಕಾಣದಿದ್ದರೆ ಪಿನ್ನಿನಿಂದ ಚುಚ್ಚಿ ತೊಳೆದು, ಆಮೇಲೆ ಒಲೆ ಹಚ್ಚಿ.