ಕಬ್ಬಿನ ಬಿಲ್ಲು, ಬಂಗಾರದ ಪಾವತಿ: ಸರ್ಕಾರಕ್ಕೆ ಏನೇನು ಗೊತ್ತಾಗುತ್ತದೆ?



ಈ ಪತ್ರಿಕೆಯಲ್ಲಿ ನಾನು ಬೀಜದ ಕಬ್ಬು, ಕೂಳೆಯ ನಿರ್ವಹಣೆ, ಗೊಣ್ಣೆಹುಳು ಎಂದು ಬರೆಯುವವನು. ಬಂಗಾರದ ಮಾತು ಕಬ್ಬು ಅಭಿವೃದ್ಧಿ ಅಧಿಕಾರಿಗೆ ಏಕೆ ಬೇಕಾಯಿತು ಎಂದು ತಾವು ಕೇಳಬಹುದು. ಕಾರಣ ತಮ್ಮಿಂದಲೇ ಬಂದದ್ದು. ಬಿಲ್ಲು ಬ್ಯಾಂಕಿಗೆ ಜಮಾ ಆದ ವಾರದಲ್ಲಿ ಗಟ ಕಚೇರಿಗೆ ಗೊಬ್ಬರದ ಪ್ರಶ್ನೆಗಳ ಜೊತೆಗೆ ಬಂಗಾರದ ಪ್ರಶ್ನೆಗಳೂ ಬರುತ್ತವೆ. "ಸಾಹೇಬರ, ಮಗಳ ಲಗ್ನ ಐತ್ರಿ, ನಾಕು ತೊಲಿ ತಗೋಬೇಕು. ಪ್ಯಾನ್ ಕೊಟ್ರ ಇನ್ಕಮ್ ಟ್ಯಾಕ್ಸಿನವರು ಮನಿಗೆ ಬರ್ತಾರೇನ್ರಿ?" ಎಂದು ಒಬ್ಬರು ಕೇಳಿದರೆ, "ಪಾವತಿ ಬ್ಯಾಡ ಅಂದ್ರ ಜಿಎಸ್‌ಟಿ ಉಳೀತದ ಅಂತ ಅಂಗಡ್ಯಾವ ಹೇಳ್ತಾನ್ರಿ, ಹೌದೇನ್ರಿ?" ಎಂದು ಇನ್ನೊಬ್ಬರು ಕೇಳುತ್ತಾರೆ. ನಾನು ವಕೀಲನಲ್ಲ, ಕೃಷಿ ಪದವೀಧರ. ಆದರೂ ತಿಳಿದವರನ್ನು ಕೇಳಿ, ಕಟ್ಟಳೆಗಳನ್ನು ಓದಿ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಭಯ ಎಲ್ಲಿಂದ ಬಂತೆಂಬುದನ್ನು ನೋಡೋಣ, ಏಕೆಂದರೆ ಅದು ಸುಳ್ಳು ಭಯವಲ್ಲ. ಚೀನಾ ಯುದ್ಧದ ಬೆನ್ನಿಗೆ 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿಯವರು ಅರ್ಥಮಂತ್ರಿಗಳಾಗಿದ್ದಾಗ, ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಬಂಗಾರ ನಿಯಂತ್ರಣ ಬಂತು. ಹೊಸ ಒಡವೆಯನ್ನು 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧಿಯಲ್ಲಿ ಮಾಡಕೂಡದೆಂದಾಯಿತು. ಅಷ್ಟು ತಾಮ್ರ ಬೆರೆತ ಬಂಗಾರದಲ್ಲಿ ತಾಳಿ ಮಾಡಿಸಲು ಯಾರು ಒಪ್ಪುತ್ತಾರೆ? ಅಕ್ಕಸಾಲಿಗರ ಕುಲುಮೆಗಳು ತಣ್ಣಗಾದವು. ದೇಶದ ತುಂಬ ಅನೇಕ ಕುಟುಂಬಗಳು ಕಸುಬು ಕಳೆದುಕೊಂಡವು. ಶುದ್ಧಿಯ ಆ ನಿಬಂಧನೆ ಕೆಲ ವರ್ಷಗಳ ಮೇಲೆ ಹೋಯಿತು. ಆದರೆ 1968ರಲ್ಲಿ ಬಂಗಾರ ನಿಯಂತ್ರಣ ಕಾಯ್ದೆಯೇ ಬಂತು. ಗಟ್ಟಿ, ಬಿಸ್ಕತ್ತು ರೂಪದ ಬಂಗಾರವನ್ನು ಸಾಮಾನ್ಯರು ಇಟ್ಟುಕೊಳ್ಳಕೂಡದು; ಒಂದು ಕುಟುಂಬದಲ್ಲಿ 4,000 ಗ್ರಾಮಿಗಿಂತ ಹೆಚ್ಚು ಒಡವೆ ಇದ್ದರೆ ಸರ್ಕಾರಕ್ಕೆ ಘೋಷಣೆ ಕೊಡತಕ್ಕದ್ದು; ವ್ಯಾಪಾರಿಗೆ ಲೈಸೆನ್ಸು ಬೇಕು, ಅವನು ದಾಖಲೆ ಪುಸ್ತಕ ಇಡಬೇಕು. ನಾಲ್ಕು ಕಿಲೋ ಬಂಗಾರ ನಮ್ಮ ಜೋಳದ ಸೀಮೆಯಲ್ಲಿ ಯಾರ ಮನೆಯಲ್ಲಿತ್ತು ಹೇಳಿ. ಆದರೂ ಭಯಕ್ಕೆ ಗ್ರಾಮಿನ ಲೆಕ್ಕ ತಿಳಿಯುವುದಿಲ್ಲ. ಎರಡು ತೊಲಿಯ ಪಾಟ್ಲಿಯನ್ನೂ ಹಗೇವಿನಲ್ಲಿ ಹೂಳಿಟ್ಟ ಕಥೆಗಳನ್ನು ನಾನು ಚಿಕ್ಕವನಿದ್ದಾಗ ಹಿರಿಯರ ಬಾಯಲ್ಲಿ ಕೇಳಿದ್ದೇನೆ.

ಆ ಕಾಯ್ದೆ 1990ರಲ್ಲಿ ರದ್ದಾಯಿತು. ಆಗ ಅರ್ಥಮಂತ್ರಿಗಳಾಗಿದ್ದವರು ಮಧು ದಂಡವತೆ. ಅಂದಿನಿಂದ ಬಂಗಾರ ಇಟ್ಟುಕೊಳ್ಳುವುದಕ್ಕೆ ಮಿತಿ ಇಲ್ಲ. ಈ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕೆನ್ನಿಸುತ್ತದೆ, ಏಕೆಂದರೆ "ಹೆಂಗಸಿಗೆ ಅರ್ಧ ಕಿಲೋ, ಗಂಡಸಿಗೆ ನೂರು ಗ್ರಾಮು, ಅದಕ್ಕಿಂತ ಹೆಚ್ಚಿದ್ದರೆ ಜಪ್ತಿ" ಎಂಬ ಮಾತು ಇಂದಿಗೂ ಹಳ್ಳಿಗಳಲ್ಲಿ ಓಡಾಡುತ್ತಿದೆ. ಅದರ ಮೂಲ 1994ರ ಮೇ 11ರ ಒಂದು ಸೂಚನೆ. ನೇರ ತೆರಿಗೆಗಳ ಕೇಂದ್ರ ಮಂಡಳಿ ತನ್ನ ಅಧಿಕಾರಿಗಳಿಗೆ ಹೇಳಿದ್ದಿಷ್ಟು: ಮನೆ ಶೋಧಿಸುವಾಗ ಮದುವೆಯಾದ ಹೆಣ್ಣುಮಗಳ 500 ಗ್ರಾಮು, ಮದುವೆಯಾಗದವಳ 250 ಗ್ರಾಮು, ಗಂಡಸಿನ 100 ಗ್ರಾಮಿನವರೆಗಿನ ಒಡವೆಗಳನ್ನು ಲೆಕ್ಕ ಸಿಗದಿದ್ದರೂ ಜಪ್ತಿ ಮಾಡಬೇಡಿ. ಅದು ಅಧಿಕಾರಿಯ ಕೈ ಕಟ್ಟಿದ ಮಾತೇ ಹೊರತು ನಮ್ಮ ಪೆಟ್ಟಿಗೆಗೆ ಹಾಕಿದ ಅಳತೆಯಲ್ಲ. ಅದು ಒಡವೆಗೆ ಹೇಳಿದ್ದು, ಬಿಸ್ಕತ್ತಿಗಲ್ಲ ಎಂಬುದನ್ನೂ ಗಮನಿಸತಕ್ಕದ್ದು.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದ ಮೇಲೆ ಈ ಗುಲ್ಲು ಮತ್ತೆ ಎದ್ದಿತು. ಆಗ ಅದೇ ಮಂಡಳಿ ಡಿಸೆಂಬರ್ 1ರಂದು ಹೇಳಿಕೆ ಹೊರಡಿಸಿ ಸ್ಪಷ್ಟಪಡಿಸಿತು. ತೋರಿಸಿದ ಆದಾಯದಿಂದ, ಅಥವಾ ಒಕ್ಕಲುತನದಂಥ ತೆರಿಗೆ ಇಲ್ಲದ ಆದಾಯದಿಂದ, ಅಥವಾ ಮನೆಯ ಸಾಮಾನ್ಯ ಉಳಿತಾಯದಿಂದ ಕೊಂಡ ಒಡವೆಗೆ, ಹಿರಿಯರಿಂದ ಬಂದ ಒಡವೆಗೆ ತೆರಿಗೆ ಇಲ್ಲ. ಒಕ್ಕಲುತನದ ಆದಾಯ ಎಂಬ ಮಾತು ಅದರಲ್ಲಿ ಬಂದಿದೆ. ಕಬ್ಬಿನ ಬಿಲ್ಲಿಗೂ ಬಂಗಾರದ ಪಾವತಿಗೂ ಗಂಟು ಬೀಳುವುದು ಇಲ್ಲಿಯೇ. ಮುಂದೆ ಮತ್ತೆ ಬರುತ್ತೇನೆ.

ಎರಡು ಲಕ್ಷದ ಗೆರೆ

ಹಿಂದೆ ಸರ್ಕಾರ ಬಂಗಾರವನ್ನು ನೋಡುತ್ತಿತ್ತು. ಈಗ ನೋಡುವುದು ವ್ಯವಹಾರವನ್ನು. 2016ರ ಜನವರಿ 1ರಿಂದ ಒಂದು ವ್ಯವಹಾರ ಎರಡು ಲಕ್ಷ ರೂಪಾಯಿ ಮೀರಿದರೆ ಪ್ಯಾನ್ ನಂಬರು ಕೊಡಬೇಕೆಂದಾಯಿತು. ಅದಕ್ಕೆ ಮೊದಲು ಒಡವೆಗೆ ಈ ಗೆರೆ ಐದು ಲಕ್ಷದಲ್ಲಿತ್ತು. ಚೆಕ್ಕಿನಿಂದ ಕೊಟ್ಟರೂ, ಮೊಬೈಲಿನಿಂದ ಕೊಟ್ಟರೂ ಪ್ಯಾನ್ ಬೇಕು. ಪ್ಯಾನ್ ಇಲ್ಲದ ರೈತರು ನಾವೆಲ್ಲ 60ನೇ ನಮೂನೆ ಎಂದು ಕರೆಯುತ್ತ ಬಂದ ಘೋಷಣಾ ಪತ್ರ ಬರೆದುಕೊಡಬಹುದು. (2025ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ಅಂಗೀಕಾರವಾಗಿ ಕಲಮುಗಳ ಸಂಖ್ಯೆ ಬದಲಾದ ಕಾರಣ ನಾನು ಯಾವ ಕಲಮಿನ ನಂಬರನ್ನೂ ಇಲ್ಲಿ ಬರೆದಿಲ್ಲ. ಮೊತ್ತಗಳನ್ನೂ ಸರ್ಕಾರ ಆಗಾಗ ತಿದ್ದುತ್ತದೆ. ದೊಡ್ಡ ಖರೀದಿಗೆ ಮುಂಚೆ ಬ್ಯಾಂಕಿನಲ್ಲಿ ಒಮ್ಮೆ ಕೇಳಿಕೊಳ್ಳಿರಿ.)

ಈಗ ಒಂದು ಲೆಕ್ಕ ಮಾಡಿ ನೋಡಿ. 2016ರ ಆರಂಭದಲ್ಲಿ ಹತ್ತು ಗ್ರಾಮು ಅಪ್ಪಟ ಬಂಗಾರದ ಬೆಲೆ ಸುಮಾರು 26 ಸಾವಿರ ಇತ್ತು. ಎರಡು ಲಕ್ಷಕ್ಕೆ ಏಳು ತೊಲಿಗೂ ಮಿಗಿಲಾಗಿ ಬರುತ್ತಿತ್ತು. ಅಷ್ಟು ಕೊಳ್ಳುವವನು ಆಗ ನಮ್ಮಲ್ಲಿ ದೊಡ್ಡ ಹಿಡುವಳಿಯವನೇ ಆಗಿರುತ್ತಿದ್ದ. 2025ರಲ್ಲಿ ಹತ್ತು ಗ್ರಾಮಿನ ಬೆಲೆ ಒಂದು ಲಕ್ಷ ದಾಟಿತು. ಅದೇ ಎರಡು ಲಕ್ಷ ಎರಡು ತೊಲಿಗೆ ಮುಗಿದುಹೋಯಿತು. ಕಟ್ಟಳೆಯ ಒಂದು ಅಕ್ಷರ ಬದಲಾಗದೆ, ದೊಡ್ಡವರನ್ನು ಹಿಡಿಯಲೆಂದು ಹಾಕಿದ ಜಾಳಿಗೆಯೊಳಗೆ ಎರಡು ಎಕರೆಯ ರೈತನ ಮಗಳ ಲಗ್ನವೂ ಬಂತು. ಇದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಕಬ್ಬಿಗೆ ಕೊಡುವ ದರವನ್ನು ವರ್ಷಕ್ಕೊಮ್ಮೆ ತಿದ್ದಲು ಬರುವ ಸರ್ಕಾರಕ್ಕೆ ಈ ಗೆರೆಯನ್ನೂ ತಿದ್ದಲು ಬರುತ್ತದೆ.

ನಗದಿನ ಕಟ್ಟಳೆ ಬೇರೆಯೇ. 2017ರ ಏಪ್ರಿಲ್ 1ರಿಂದ ಯಾರೂ ಎರಡು ಲಕ್ಷ ಅಥವಾ ಹೆಚ್ಚಿನ ನಗದನ್ನು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ, ಅದೂ ಪಡೆದವನಿಗೆ. ಅಂಗಡಿಯವನು ಹೆದರುವುದು ಇದಕ್ಕೇ. ಇಲ್ಲಿ ನಮ್ಮವರು ಜಾಣತನ ಮಾಡಲು ಹೋಗುತ್ತಾರೆ. ಮೂರು ಲಕ್ಷದ ಒಡವೆಗೆ ಸೋಮವಾರ ಒಂದು ಲಕ್ಷ, ಗುರುವಾರ ಒಂದು ಲಕ್ಷ, ಮುಂದಿನ ಸಂತೆಗೆ ಒಂದು ಲಕ್ಷ ಕೊಟ್ಟರಾಯಿತು ಎಂದು. ಕಟ್ಟಳೆ ಬರೆದವರು ಇದನ್ನು ಮೊದಲೇ ಯೋಚಿಸಿದ್ದಾರೆ. ಒಬ್ಬನಿಂದ ಒಂದು ದಿನದಲ್ಲಿ ಬಂದದ್ದು, ಒಂದು ವ್ಯವಹಾರಕ್ಕೆ ಬಂದದ್ದು, ಒಂದು ಸಮಾರಂಭಕ್ಕೆ ಸಂಬಂಧಿಸಿ ಬಂದದ್ದು, ಹೀಗೆ ಮೂರೂ ರೀತಿಯಿಂದ ಕೂಡಿಸಿ ಲೆಕ್ಕ ಹಿಡಿಯುತ್ತಾರೆ. ಒಂದು ಲಗ್ನ ಒಂದೇ ಸಮಾರಂಭ.

ಇನ್ನೊಂದು ಉಪಾಯ ಕೆಲವು ಅಂಗಡಿಗಳಲ್ಲಿ ಹೇಳಿಕೊಡುತ್ತಾರೆ. ಪಾವತಿಯನ್ನು ಒಡೆದು ಅಣ್ಣನ ಹೆಸರಿಗೊಂದು, ಅಳಿಯನ ಹೆಸರಿಗೊಂದು ಮಾಡುವುದು. ಇದರಲ್ಲಿ ಸರ್ಕಾರದ ಭಯಕ್ಕಿಂತ ದೊಡ್ಡದಾದ ಒಂದು ಅಪಾಯವಿದೆ. ನಾಳೆ ಮನೆ ಪಾಲಾದಾಗ ಆ ಗಂಟನ್ ಯಾರದು? ಪಾವತಿ ಅಣ್ಣನ ಹೆಸರಿನಲ್ಲಿದೆ. ದುಡ್ಡು ತಮ್ಮನ ಕಬ್ಬಿನದು. ಸಾತಬಾರಾ ಉತಾರಿಯ ಒಂದು ಗುಂಟೆಗೆ ಹತ್ತು ವರ್ಷ ಕೋರ್ಟಿಗೆ ಅಲೆಯುವ ನಮ್ಮವರು ಬಂಗಾರದ ಕಾಗದವನ್ನು ಮಾತ್ರ ಯಾರದೋ ಹೆಸರಿಗೆ ಬರೆಸಿಬಿಡುತ್ತಾರೆ.

ಹತ್ತು ಲಕ್ಷ ಮತ್ತು ಮೇಲ್ಪಟ್ಟ ನಗದು ವ್ಯವಹಾರ ಮಾಡುವ ಸರಾಫರನ್ನು 2020ರ ಡಿಸೆಂಬರ್ 28ರಂದು ಹಣ ಅಕ್ರಮ ಸಾಗಾಟ ತಡೆ ಕಾಯ್ದೆಯ ಅಡಿಗೆ ತರಲಾಯಿತು. ಅವರು ಗಿರಾಕಿಯ ಗುರುತು, ದಾಖಲೆ ಇಡಬೇಕು. ನಮ್ಮ ಸಭಾಸದರಲ್ಲಿ ಬಹುಪಾಲು ಜನರಿಗೆ ಇದು ತಾಗುವುದಿಲ್ಲ, ಬಿಟ್ಟುಬಿಡೋಣ. ಆದರೆ ಅದಕ್ಕೂ ಮುಂಚಿನ ಒಂದು ಸಂಗತಿ ಹೇಳಬೇಕು. 2017ರ ಆಗಸ್ಟ್ 23ರಂದು ಇದೇ ಕಾಯ್ದೆಯನ್ನು ಸರಾಫರಿಗೆ ಹಚ್ಚಿ, 50 ಸಾವಿರ ಮೇಲ್ಪಟ್ಟ ಖರೀದಿಗೇ ಗುರುತಿನ ಕಾಗದ ಬೇಕೆಂದು ಮಾಡಿದ್ದರು. ಅದರ ಮರುದಿನ, ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಖಾಸಗಿತನ ಎಂಬುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆ ದಾವೆ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಎರಡಕ್ಕೂ ನೇರ ಸಂಬಂಧವಿಲ್ಲ. 50 ಸಾವಿರದ ಆ ಆಜ್ಞೆಯನ್ನು ಸರ್ಕಾರ ದೀಪಾವಳಿಗೆ ಮುಂಚೆ ಅಕ್ಟೋಬರ್ 6ರಂದು ತಾನಾಗಿಯೇ ಹಿಂತೆಗೆದುಕೊಂಡಿತು. ಆದರೆ ಕೋರ್ಟು ಹೇಳಿದ ಮಾತು ನಿಂತಿದೆ. ಸರ್ಕಾರ ಪ್ರಜೆಯ ವ್ಯವಹಾರದೊಳಗೆ ಇಣುಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಇಣುಕಬೇಕು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಒಂದು ಕಾಯ್ದೆಯೂ ಆಯಿತು. ಅದರಲ್ಲಿ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರ ತಾನೇ ಇಟ್ಟುಕೊಂಡಿದೆ. ಬೇಲಿಯನ್ನು ಹಾಕಿದವನೇ ಗೇಟಿನ ಕೀಲಿಯನ್ನೂ ಇಟ್ಟುಕೊಂಡಂತೆ.

ಒಡವೆಯ ಮೇಲಿನ ಆರು ಅಕ್ಷರ

ಹಾಲ್‌ಮಾರ್ಕಿನ ಜೊತೆಗೆ ಬರುವ ಆರು ಅಕ್ಷರ ಅಂಕಿಗಳ ಗುರುತನ್ನು ಎಚ್‌ಯುಐಡಿ ಎನ್ನುತ್ತಾರೆ. 2021ರ ಜುಲೈಯಿಂದ ಇದು ಬಂತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಹೊಸ ಒಡವೆಯನ್ನು ಈ ಗುರುತಿಲ್ಲದೆ ಅಂಗಡಿಯವರು ಮಾರುವಂತಿಲ್ಲ. "ಈ ನಂಬರಿನಿಂದ ಯಾರ ಕೊರಳಲ್ಲಿ ಏನಿದೆ ಅಂತ ದಿಲ್ಲಿಗೆ ಗೊತ್ತಾಗ್ತದ" ಎಂಬ ಮಾತು ತಮ್ಮ ಕಿವಿಗೂ ಬಿದ್ದಿರಬೇಕು. ಸರಾಫರೇ 2021ರ ಆಗಸ್ಟ್ 23ರಂದು ಒಂದು ದಿನದ ಬಂದ್ ಮಾಡಿದ್ದರು. ಮೊಬೈಲಿನಲ್ಲಿ ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಗುರುತು ಹಾಕಿ ನೋಡಿದರೆ ಸಿಗುವುದು ಇಷ್ಟು: ಒಡವೆ ಯಾವ ಬಗೆಯದು, ಶುದ್ಧಿ ಎಷ್ಟು, ಯಾವ ಸರಾಫನ ನೋಂದಣಿ, ಎಲ್ಲಿ ಪರೀಕ್ಷೆಯಾಯಿತು, ಯಾವಾಗ. ಕೊಂಡವರ ಹೆಸರು ಅಲ್ಲಿಲ್ಲ. ಆ ನಂಬರನ್ನೂ ತಮ್ಮ ಹೆಸರನ್ನೂ ಒಟ್ಟಿಗೆ ಹಿಡಿದಿರುವುದು ಅಂಗಡಿಯ ಬಿಲ್ಲು ಮಾತ್ರ. 50 ಸಾವಿರ ಮತ್ತು ಮೇಲ್ಪಟ್ಟ ಬಿಲ್ಲಿನಲ್ಲಿ ಗಿರಾಕಿಯ ಹೆಸರು, ವಿಳಾಸ ಬರೆಯಬೇಕೆಂಬುದು ಜಿಎಸ್‌ಟಿಯ ನಿಯಮ. ಅಜ್ಜಿಯ ಕಾಲದ ಬೋರಮಾಳಕ್ಕೆ ಈ ಗುರುತು ಬೇಕಿಲ್ಲ, ಮನೆಯಲ್ಲಿಟ್ಟುಕೊಳ್ಳಬಹುದು, ಮಾರಲೂಬಹುದು.

ಬಿಲ್ಲು ಬೇಡವೆಂದರೆ ನೂರಕ್ಕೆ ಮೂರು ಜಿಎಸ್‌ಟಿ ಉಳಿಯುತ್ತದೆ ಎನ್ನುವವರಿಗೆ ಒಂದೇ ಮಾತು. ಹಾಲ್‌ಮಾರ್ಕಿನ ಒಡವೆಯಲ್ಲಿ ಶುದ್ಧಿ ಕಡಿಮೆ ಬಂದರೆ ವ್ಯತ್ಯಾಸದ ಎರಡು ಪಟ್ಟು ಪರಿಹಾರ ಕೇಳುವ ಹಕ್ಕು ತಮಗಿದೆ. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಲೆಕ್ಕ ಹಿಡಿದು ಯಾರ ಮುಂದೆ ಕೇಳುತ್ತೀರಿ?

ನನಗೆ ಸರ್ಕಾರ ನೋಡುವುದಕ್ಕಿಂತ ಹೆಚ್ಚಿನ ಕಳವಳ ಬೇರೆ ಕಡೆಯಲ್ಲಿದೆ. ಹೋದ ವರ್ಷ ಒಂದು ಸಂಜೆ ಬಸ್ ನಿಲ್ದಾಣದ ಹತ್ತಿರ ಭಜಿ ತಗೊಂಡೆ. ಎಣ್ಣೆ ಹೀರಿದ ಕಾಗದ ಬಿಡಿಸಿ ನೋಡಿದರೆ ಯಾರದೋ ಆಧಾರ ಕಾರ್ಡಿನ ಝೆರಾಕ್ಸು, ಕೆಳಗೆ ಸಹಿ, ಮೊಬೈಲ್ ನಂಬರು. ಯಾವ ಅಂಗಡಿಯಿಂದ, ಯಾವ ಕಚೇರಿಯಿಂದ ರದ್ದಿಗೆ ಬಂದಿತ್ತೋ. ಆ ಹೆಣ್ಣುಮಗಳ ಫೋಟೋದ ಮೇಲೆ ಮೆಣಸಿನಕಾಯಿ ಕೂತಿತ್ತು. ಕಾಗದ ಹರಿದು ಒಲೆಗೆ ಹಾಕಿದೆ. ಅಂದಿನಿಂದ ನಾನು ಝೆರಾಕ್ಸು ಕೊಡುವಾಗ ಅದರ ಮೇಲೆ ಅಡ್ಡಕ್ಕೆ ಯಾವ ಅಂಗಡಿಗೆ, ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಬರೆದು ಸಹಿ ಹಾಕುತ್ತೇನೆ. ಪ್ಯಾನ್ ಬೇಕಾದಲ್ಲಿ ಆಧಾರ ಕೊಡುವುದಿಲ್ಲ. ಆಧಾರವೇ ಬೇಕೆಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಕೊಡುತ್ತೇನೆ. ಆಧಾರದ ವೆಬ್‌ಸೈಟಿನಲ್ಲಿ ಅದು ಸಿಗುತ್ತದೆ, ಮನೆಯಲ್ಲಿ ಓದುವ ಹುಡುಗರು ತೆಗೆದುಕೊಡುತ್ತಾರೆ. ಎರಡು ಲಕ್ಷದೊಳಗಿನ ಖರೀದಿಗೆ ಪ್ಯಾನ್ ಕೇಳಿದರೆ ಏಕೆ ಎಂದು ಕೇಳಿರಿ. ಕೇಳುವುದು ಜಗಳವಲ್ಲ. ಊರಿನವರೆಲ್ಲ ಕೂತ ಅಂಗಡಿಯಲ್ಲಿ ತೂಕ, ಮೊತ್ತ ಜೋರಾಗಿ ಕೂಗುವುದನ್ನೂ ಬೇಡವೆನ್ನಿರಿ. ಕಳ್ಳನಿಗೆ ಪ್ಯಾನ್ ನಂಬರು ಬೇಕಿಲ್ಲ.

ಇನ್ನು ಕಬ್ಬಿನ ಬಿಲ್ಲಿನ ಮಾತು. ತಾವು ಕೊಂಡ ಬಂಗಾರದ ದುಡ್ಡು ಒಕ್ಕಲುತನದ್ದು ಎಂಬುದಕ್ಕೆ ತಮ್ಮ ಹತ್ತಿರ ಇರುವ ಸಾಕ್ಷಿ ಮೂರು ಕಾಗದ: ಕಾರ್ಖಾನೆಯ ಬಿಲ್ಲು, ಜಮಾ ಆದ ಬ್ಯಾಂಕಿನ ಪಾಸ್‌ಬುಕ್ಕು, ಸರಾಫನ ಪಾವತಿ. ಬ್ಯಾಂಕಿನಿಂದಲೇ ಸರಾಫನಿಗೆ ಚೆಕ್ಕು ಅಥವಾ ಆರ್‌ಟಿಜಿಎಸ್ ಮಾಡಿದರೆ ಮೂರೂ ತಾವಾಗಿಯೇ ಹೊಂದಿಕೊಳ್ಳುತ್ತವೆ. ಹಾಲಿನ ಡೇರಿ, ಬಾಡಿಗೆ, ಬಡ್ಡಿಯ ಆದಾಯ ಒಕ್ಕಲುತನದ್ದಲ್ಲ, ಅದನ್ನು ಬೆರೆಸಬೇಡಿ. ಹಳೆಯ ಒಡವೆಗಳನ್ನು ತೂಗಿಸಿ, ತವರಿನಿಂದ ಬಂದದ್ದು ಯಾವುದು, ಅತ್ತೆ ಹಾಕಿದ್ದು ಯಾವುದು ಎಂದು ಮನೆಯ ಹೆಣ್ಣುಮಕ್ಕಳ ಕೈಯಿಂದಲೇ ಒಂದು ಯಾದಿ ಬರೆಸಿ ಇಡಿರಿ. ಆ ಲೆಕ್ಕ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಹಿಂದಿನ ಹಂಗಾಮುಗಳ ಬಿಲ್ಲು ಕಳೆದುಕೊಂಡಿದ್ದರೆ ಸಭಾಸದ ಕೋಡ್ ನಂಬರು ಮತ್ತು ಹಂಗಾಮಿನ ವರ್ಷ ಬರೆದು ತಮ್ಮ ಗಟ ಕಚೇರಿಯಲ್ಲಿ ಅರ್ಜಿ ಕೊಡಿರಿ, ನಕಲು ಪ್ರತಿ ಮಾಡಿಕೊಡುತ್ತೇವೆ. ಬರುವಾಗ ಆಡಸಾಲಿ ಲಾವಣಿಯ ನೋಂದಣಿ ಬಾಕಿ ಇದ್ದವರು ಉತಾರಿಯನ್ನೂ ಜೊತೆಗೆ ತರತಕ್ಕದ್ದು.