ಅಮೆರಿಕದಲ್ಲೊಂದು ಖಾದರ್ ಊರು

ನಿಮ್ಮ ಕುಟುಂಬದಲ್ಲಿ ಇಲ್ಲವೇ ನೆರೆಮನೆಯಲ್ಲಿ ಒಬ್ಬರಾದರೂ ಅಬ್ದುಲ್ ಖಾದರ್ ಇದ್ದೇ ಇರುತ್ತಾರೆ. ಪೂರ್ತಿ ಹೆಸರು ಹಿಡಿದು ಕರೆಯುವವರು ಕಡಿಮೆ. ಖಾದರ್ ಹಾಜಿ, ಖಾದರ್ ಭಾಯ್ ಎಂದೇ ರೂಢಿ. ಅಮೆರಿಕದ ಅಯೋವಾ ರಾಜ್ಯದ ಒಂದು ಊರಿಗೂ ಇದೇ ಹೆಸರಿದೆ ಎಂದರೆ ನಂಬುತ್ತೀರಾ? ಊರಿನ ಹೆಸರು ಎಲ್ಕೇಡರ್. ಅದು ವಲಸೆ ಹೋದ ಮುಸ್ಲಿಮರು ಇಟ್ಟ ಹೆಸರಲ್ಲ.

ಎಲ್ಕೇಡರ್, ಕ್ಲೇಟನ್ ಕೌಂಟಿಯ ಆಡಳಿತ ಕೇಂದ್ರ. ಹಾಗೆಂದು ನಮ್ಮ ಜಿಲ್ಲಾ ಕೇಂದ್ರಗಳನ್ನು ಕಲ್ಪಿಸಿಕೊಳ್ಳಬೇಡಿ. ಜನಸಂಖ್ಯೆ ಸಾವಿರದ ಇನ್ನೂರರ ಆಸುಪಾಸು, ಅಷ್ಟೇ. ಸುತ್ತ ಹೊಲಗಳು, ಗುಡ್ಡಗಳು. 13ನೇ ರಾಜ್ಯ ಹೆದ್ದಾರಿಯಲ್ಲಿ ಬಂದರೆ ಊರು ಸಿಗುತ್ತದೆ. ನಡುವೆ ಹರಿಯುವ ನದಿಯ ಹೆಸರು ಟರ್ಕಿ. (ಟರ್ಕಿ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ, ಅದು ಕೋಳಿಯ ಹೆಸರು!) ನದಿಗೆ ಅಡ್ಡಲಾಗಿ 1889ರಲ್ಲಿ ಸುಣ್ಣಕಲ್ಲಿನಿಂದ ಕಟ್ಟಿದ ಎರಡು ಕಮಾನಿನ ಸೇತುವೆಯೇ ಊರಿನ ಹೆಗ್ಗುರುತು. ಗಡಿಯಾರದ ಗೋಪುರವಿರುವ ಕೆಂಪು ಇಟ್ಟಿಗೆಯ ನ್ಯಾಯಾಲಯ, 1903ರ ನಾಟಕಶಾಲೆ, ಅಂಗಡಿ ಸಾಲಿನ ಮುಖ್ಯ ಬೀದಿ. ನೋಡಲು ಇರುವುದು ಇಷ್ಟು.

1846ರಲ್ಲಿ ತಿಮೋತಿ ಡೇವಿಸ್, ಜಾನ್ ಥಾಂಪ್ಸನ್, ಚೆಸ್ಟರ್ ಸೇಜ್ ಎಂಬ ಮೂವರು ಈ ಊರಿಗೆ ಅಡಿಪಾಯ ಹಾಕಿದರು. ನದಿಯ ನೀರಿನಿಂದ ಹಿಟ್ಟಿನ ಗಿರಣಿ ನಡೆಸುವುದು ಅವರ ಉದ್ದೇಶ. ಆಗ ಅಲ್ಜೀರಿಯಾದಲ್ಲಿ ಅಮೀರ್ ಅಬ್ದುಲ್ ಖಾದರ್ ಎಂಬ ವಿದ್ವಾಂಸರು ಫ್ರೆಂಚ್ ಸೈನ್ಯದ ವಿರುದ್ಧ ಹೋರಾಡುತ್ತಿದ್ದರು. ಆ ಸುದ್ದಿ ಸಾಗರ ದಾಟಿತ್ತು. ಬ್ರಿಟಿಷರಿಂದ ಬಿಡುಗಡೆ ಪಡೆದು ಆಗಿನ್ನೂ ನೂರು ವರ್ಷವೂ ತುಂಬದ ದೇಶದ ಜನ, ಆ ಹೋರಾಟಗಾರನ ಹೆಸರನ್ನು ತಮ್ಮ ಊರಿಗಿಟ್ಟರು. ಒಂದು ಸಣ್ಣ ತಪ್ಪಾಯಿತು. ‘ಅಬ್ದ್’ ಎಂದರೆ ದಾಸ. ‘ಅಲ್ ಖಾದಿರ್’ ಅಲ್ಲಾಹನ ನಾಮ. ಅವರು ದಾಸನನ್ನು ಬಿಟ್ಟು ಒಡೆಯನ ನಾಮವನ್ನಷ್ಟೇ ಉಳಿಸಿಕೊಂಡರು. ದಿನವೂ ಅದನ್ನೇ ಮಾಡುವ ನಾವು ಅವರನ್ನು ನೋಡಿ ನಗುವಂತಿಲ್ಲ.

ಅಮೀರರು ಶತ್ರು ಸೈನಿಕರನ್ನು ಸೆರೆಹಿಡಿದಾಗಲೂ ಗೌರವದಿಂದ ನಡೆಸಿಕೊಂಡವರು. ಸೆರೆಸಿಕ್ಕ ಮಹಿಳೆಯರ ಯೋಗಕ್ಷೇಮವನ್ನು ಅವರ ತಾಯಿ ಝೊಹ್ರಾ ನೋಡಿಕೊಳ್ಳುತ್ತಿದ್ದರು. 1847ರ ಕೊನೆಗೆ ಅವರು ಶರಣಾದರು. ಮುಸ್ಲಿಮ್ ನಾಡಿಗೆ ಕಳುಹಿಸುತ್ತೇವೆಂಬ ಮಾತನ್ನು ಫ್ರಾನ್ಸ್ ಮುರಿಯಿತು. ಕುಟುಂಬ ಸಮೇತ ಸುಮಾರು ಐದು ವರ್ಷ ಬಂಧನ. ಕೊನೆಗೆ ಡಮಾಸ್ಕಸ್‌ನಲ್ಲಿ ನೆಲೆಸಿದರು. 1860ರಲ್ಲಿ ಅಲ್ಲಿ ಕ್ರೈಸ್ತರ ಮೇಲೆ ದಾಳಿ ನಡೆದು ಸಾವಿರಾರು ಮಂದಿ ಹತರಾದಾಗ, ಅಮೀರರು ತಮ್ಮ ಅಲ್ಜೀರಿಯನ್ ಸಂಗಡಿಗರೊಂದಿಗೆ ಬೀದಿಗಿಳಿದರು. ಸಿಕ್ಕವರನ್ನೆಲ್ಲ ತಮ್ಮ ಮನೆಗೆ ಕರೆತಂದರು. ಜೀವಂತವಾಗಿ ಕರೆತಂದವರಿಗೆ ಹಣ ಕೊಡುವುದಾಗಿ ಸಾರಿದರು. ಸಾವಿರಾರು ಜೀವ ಉಳಿಯಿತು. ತಮ್ಮನ್ನು ಸೆರೆಯಲ್ಲಿಟ್ಟ ಫ್ರಾನ್ಸಿನ ಕಾನ್ಸುಲೇಟ್ ಕಚೇರಿಯವರೂ ಹಾಗೆ ಆಶ್ರಯ ಪಡೆದವರಲ್ಲಿದ್ದರು. ಅಮೆರಿಕದ ಅಧ್ಯಕ್ಷ ಲಿಂಕನ್ ಅವರಿಗೆ ಪಿಸ್ತೂಲುಗಳನ್ನು ಉಡುಗೊರೆಯಾಗಿ ಕಳುಹಿಸಿದರು.

ಊರಿಗೆ ಹೆಸರಿಟ್ಟಾಗ ಇದಾವುದೂ ನಡೆದಿರಲಿಲ್ಲ, ನೆನಪಿಡಿ.

1984ರಲ್ಲಿ ಅಮೀರರ ಹುಟ್ಟೂರ ಕಡೆಯ ಮಸ್ಕರಾ ನಗರ ಮತ್ತು ಎಲ್ಕೇಡರ್ ‘ಸಹೋದರಿ ನಗರ’ಗಳಾದವು. 2008ರ ಜೂನ್‌ನಲ್ಲಿ ಟರ್ಕಿ ನದಿ ಉಕ್ಕಿ ಊರಿಗೆ ನುಗ್ಗಿತು. ಮನೆ, ಅಂಗಡಿಗಳು ಮುಳುಗಿದವು. ಆಗ ಅಲ್ಜೀರಿಯಾ ಸರಕಾರ ಒಂದೂವರೆ ಲಕ್ಷ ಡಾಲರ್ ನೆರವು ಕಳುಹಿಸಿತು. ನಿರಾಶ್ರಿತರಿಗೆ ಬಾಗಿಲು ತೆರೆದವರ ನಾಡಿನಿಂದ, ಅವರ ಹೆಸರು ಹೊತ್ತ ಊರಿನ ಕೆಸರು ತುಂಬಿದ ಮನೆಗಳಿಗೆ ಹೋದ ದುಡ್ಡದು. ನಂತರ ಅಲ್ಲಿನವರು ಅಮೀರರ ಹೆಸರಲ್ಲಿ ಒಂದು ಶಿಕ್ಷಣ ಯೋಜನೆ ಆರಂಭಿಸಿ, ಶಾಲಾ ಮಕ್ಕಳಿಗೆ ಅವರ ಬಗ್ಗೆ ಪ್ರಬಂಧ ಸ್ಪರ್ಧೆ ನಡೆಸಿದರು. ನಮ್ಮ ತರಗತಿಯಲ್ಲಿ ನಾನೊಮ್ಮೆ ಕೇಳಿದೆ, ಅಮೀರ್ ಅಬ್ದುಲ್ ಖಾದರ್ ಯಾರು ಎಂದು. ಖಾದರ್ ಎಂಬ ಹೆಸರಿನ ಹುಡುಗನೂ ಸೇರಿ ಯಾರೂ ಕೈ ಎತ್ತಲಿಲ್ಲ.