ಹೊಸ ಧಾನ್ಯದ ಖೀರು: ಕೊಂಕಣ ಯಹೂದಿಗಳ ಸುಗ್ಗಿಯ ಕಥೆ

ಗದ್ದೆಯಲ್ಲಿ ತೆನೆ ಬಾಗುವ ಹೊತ್ತಿಗೆ ನಮ್ಮ ಕರಾವಳಿ, ಮಲೆನಾಡಿನ ಮನೆಗಳಲ್ಲಿ ತೆನೆ ಕಟ್ಟುವ, ಹೊಸ್ತು ಉಣ್ಣುವ ಸಡಗರ. ಮಂಗಳೂರಿನ ಕ್ಯಾಥೊಲಿಕರು ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಂದು ಹೊಸ ತೆನೆಯ ಕಾಳು ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುತ್ತಾರೆ. ಇದೇ ಕಡಲಂಚಿನಲ್ಲಿ ಉತ್ತರಕ್ಕೆ ಹೋದರೆ ಸಿಗುವ ಮಹಾರಾಷ್ಟ್ರದ ಅಲಿಬಾಗ್ ಸೀಮೆಯಲ್ಲಿ ಯಹೂದಿಗಳೂ ಹೊಸ ಬೆಳೆಯ ಹಬ್ಬ ಮಾಡುತ್ತಿದ್ದರು. ಅವರ ಮರಾಠಿಯಲ್ಲಿ ಅದು ‘ಖೀರಿಚಾ ಸಣ’, ಅಂದರೆ ಖೀರಿನ ಹಬ್ಬ.

ಈ ಸಮುದಾಯದ ಹೆಸರು ಬೆನೆ ಇಸ್ರೇಲ್. ನವಗಾಂವ್ ಬಳಿ ಹಡಗು ಒಡೆದು, ಬದುಕುಳಿದ ಏಳು ದಂಪತಿಗಳ ಸಂತತಿ ತಾವೆಂದು ಅವರು ಹೇಳಿಕೊಳ್ಳುತ್ತಾರೆ. ಧರ್ಮಗ್ರಂಥಗಳೆಲ್ಲ ಕಡಲು ಪಾಲಾದವು ಎನ್ನುತ್ತದೆ ಆ ಐತಿಹ್ಯ. ಹಳ್ಳಿಗಳಲ್ಲಿ ನೆಲೆ ನಿಂತವರು ಗಾಣ ಹಾಕಿ ಎಣ್ಣೆ ತೆಗೆದರು. ಯಹೂದಿಗಳ ವಿಶ್ರಾಂತಿದಿನವಾದ ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಹಾಗಾಗಿ ನೆರೆಯವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಊರಿನ ಹೆಸರೇ ಮನೆತನದ ಹೆಸರಾಯಿತು: ಕಿಹೀಮ್‌ನವರು ಕೆಹೀಮ್‌ಕರ್, ರೋಹಾದವರು ರೋಹೆಕರ್, ಪೇಣ್‌ನವರು ಪೇಣ್‌ಕರ್.

ಗ್ರಂಥವಿಲ್ಲ, ಗುರುವಿಲ್ಲ. ಆದರೂ ಹಬ್ಬ ಉಳಿಯಿತು, ಅಡುಗೆಮನೆಯಲ್ಲಿ. ಯಹೂದಿ ಪಂಚಾಂಗದ ತಿಶ್ರಿ ತಿಂಗಳು ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಅದರ ನಾಲ್ಕನೆಯ ದಿನ ಹೊಸ ಧಾನ್ಯದ ಖೀರು ಕುದಿಯುತ್ತಿತ್ತು. ಅದಕ್ಕೆ ಹಾಕುತ್ತಿದ್ದದ್ದು ತೆಂಗಿನಹಾಲು. ಮಾಂಸದೊಂದಿಗೆ ಹಾಲು ಸೇರಬಾರದೆಂಬ ನಿಯಮ ಪಾಲಿಸುವ ಈ ಮನೆಗಳಲ್ಲಿ ಇಂದಿಗೂ ಸಾರಿಗೂ ಸಿಹಿಗೂ ತೆಂಗಿನಹಾಲೇ ಆಧಾರ. ಖೀರು ಸಿದ್ಧವಾದ ಮೇಲೆ ಧೂಪ ಹಾಕಿ ‘ಶೆಮಾ’ ಪ್ರಾರ್ಥನೆ ಹೇಳುತ್ತಿದ್ದರು. ಅವರಿಗೆ ಬಾಯಿಗೆ ಬರುತ್ತಿದ್ದ ಹೀಬ್ರೂ ಬಹುಮಟ್ಟಿಗೆ ಅಷ್ಟೇ. ಬಳಿಕ ಎಲ್ಲರೂ ಕೂತು ಉಣ್ಣುತ್ತಿದ್ದರು.

ಅದೇ ತಿಂಗಳ ಹದಿನೈದರಿಂದ ಜಗತ್ತಿನ ಯಹೂದಿಗಳಿಗೆ ಸುಕ್ಕೋತ್, ಗರಿ ಹೊದಿಸಿದ ಚಪ್ಪರದಡಿ ಆಚರಿಸುವ ಸುಗ್ಗಿಹಬ್ಬ. ಮರೆತುಹೋದ ಸುಕ್ಕೋತ್‌ನ ನೆನಪೇ ಖೀರಿನ ಹಬ್ಬವಾಗಿರಬಹುದೆಂಬ ಊಹೆಯಿದೆ. ನನಗದು ಒಪ್ಪಿತ. ಮೂಲವಿಧಿ ಮರೆತರೂ ಕಾಲ ಮರೆಯದಂತೆ ಮಾಡಿದ್ದು ಸುತ್ತಲಿನ ಗದ್ದೆ. ನೆರೆಯ ಹಿಂದೂಗಳ ಮನೆಯಲ್ಲೂ ಆಶ್ವಯುಜದಲ್ಲಿ ಹೊಸ ಧಾನ್ಯದ ಪೂಜೆ ನಡೆಯುವಾಗ, ಯಹೂದಿ ಮನೆಯ ಒಲೆ ತಣ್ಣಗಿರುವುದಾದರೂ ಹೇಗೆ?

ಸುಕ್ಕೋತ್ ಮರಳಿ ಬಂದ ದಾರಿಯಲ್ಲಿ ಮೈಸೂರಿನ ನಂಟೂ ಇದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಸ್ಯಾಮುಯೆಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿ, ಬಿಡುಗಡೆಯಾದರೆ ಪ್ರಾರ್ಥನಾಮಂದಿರ ಕಟ್ಟಿಸುವ ಹರಕೆ ಹೊತ್ತರಂತೆ. ಆ ಹರಕೆಯಂತೆ 1796ರಲ್ಲಿ ಮುಂಬೈಯಲ್ಲಿ ಬೆನೆ ಇಸ್ರೇಲರ ಮೊದಲ ಸಿನಗಾಗ್ ‘ಶಾರ್ ಹರಹಮೀಮ್’ ಎದ್ದಿತು. ಮುಂದಿನ ಶತಮಾನದಲ್ಲಿ ಕೊಚ್ಚಿಯ ಯಹೂದಿ ಬೋಧಕರು ಬಂದು ಪ್ರಾರ್ಥನಾಕ್ರಮ ಕಲಿಸಿದರು. ಬೈಬಲ್ ಮರಾಠಿಯಲ್ಲಿ ಸಿಕ್ಕಿತು. ಅಲಿಬಾಗ್‌ನಲ್ಲಿ 1848ರಲ್ಲಿ ಮಾಗೆನ್ ಆಬೋತ್ ಸಿನಗಾಗ್ ತಲೆಯೆತ್ತಿತು. ಸುಕ್ಕೋತ್ ಚಪ್ಪರಗಳು ಬಂದಂತೆ ಖೀರಿನ ಹಬ್ಬ ಹಿಂದೆ ಸರಿಯಿತು.

ಹಳೆಯ ರುಚಿ ಪೂರ್ತಿ ಅಳಿಯಲಿಲ್ಲ. ಮದುವೆ, ಗೃಹಪ್ರವೇಶ, ಹರಕೆ ತೀರಿಸುವ ದಿನ, ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ‘ಮಲೀದಾ’ ಇಡುತ್ತಾರೆ: ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣುಗಳು. ಗಿಡಮರಗಳ ಹಬ್ಬವಾದ ತು ಬಿಶ್ವಾತ್‌ಗೆ ಅಲಿಬಾಗ್ ಬಳಿಯ ಖಂಡಾಳೆಯ ಬಂಡೆಯ ಹತ್ತಿರ ಸೇರುತ್ತಾರೆ. ಎಲಿಯಾಹುವಿನ ರಥ ಮುಗಿಲಿಗೇರಿದ್ದು ಅಲ್ಲಿಂದಲೇ ಎಂಬುದು ಅವರ ನಂಬಿಕೆ.

1948ರ ನಂತರ ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೋದವು. ಇಲ್ಲಿ ಉಳಿದವರು ಕೆಲವೇ ಸಾವಿರ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅವರಿಗೆ ಅಲ್ಪಸಂಖ್ಯಾತ ಸ್ಥಾನಮಾನ ನೀಡಿತು.

ಖೀರಿನ ಹಬ್ಬದ ವಿವರ ಇಂದು ನಮಗೆ ಸಿಗುವುದು ಆ ಸಮುದಾಯದವರೇ ಆದ ಹಾಯೀಮ್ ಸ್ಯಾಮುಯೆಲ್ ಕೆಹೀಮ್‌ಕರ್ 1897ರಲ್ಲಿ ತಮ್ಮವರ ಇತಿಹಾಸ ಬರೆದಿಟ್ಟದ್ದರಿಂದ. ಅದು ಅಚ್ಚಾದದ್ದು 1937ರಲ್ಲಿ, ಟೆಲ್ ಅವೀವ್‌ನಲ್ಲಿ. ನಮ್ಮ ಮನೆಗಳ ಹೊಸ್ತಿನ ಪದ್ಧತಿಯೂ ಗದ್ದೆಯ ಜೊತೆಗೇ ಕರಗುತ್ತಿದೆ. ತೆನೆ ಎಲ್ಲಿ ಕಟ್ಟುತ್ತಿದ್ದರು, ಮೊದಲ ತುತ್ತು ಯಾರಿಗೆ ಕೊಡುತ್ತಿದ್ದರು ಎಂದು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಸುಗ್ಗಿಯಲ್ಲೇ ಕೇಳಿ, ಬರೆದಿಡಿ.